ಕಾರಿನ ಗೀರು, ಕೊಡೆ ರಿಪೇರಿಯವರ ಸೈಕಲ್ಲು

ಸಾಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಪ್ರತಿ ಗುರುವಾರ ಹಿನ್ನೀರು ದಾಟಿ ಬ್ಯಾಕೋಡಿಗೆ ಹೋಗಿ, ಅಲ್ಲಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡಿ ಸಂಜೆಗೆ ವಾಪಸು ಬರುತ್ತೇನೆ. ಈಗ ಸೇತುವೆ ಆಗಿದೆ, ಹಾಡು ಕೇಳುತ್ತಾ ದಾಟಿಬಿಡಬಹುದು. ನಾನು ಹೇಳುತ್ತಿರುವುದು ಸೇತುವೆಯ ಕಂಬಗಳಷ್ಟೇ ಎದ್ದಿದ್ದ ಕಾಲದ ಮಾತು. ಆಗ ಬಸ್ಸು, ಜೀಪು, ಕಾರು, ಮನುಷ್ಯರು ಎಲ್ಲರೂ ಲಾಂಚಿನಲ್ಲೇ ದಾಟಬೇಕಿತ್ತು.

ಲಾಂಚಿನಲ್ಲಿ ಒಂದು ಪದ್ಧತಿ ಇತ್ತು. ಕಾರು ಹತ್ತಿಸಿದ ಮೇಲೆ ಗೇರಿಗೆ ಹಾಕದೆ ನ್ಯೂಟ್ರಲ್‌ನಲ್ಲಿ ಬಿಡಬೇಕು. ಇನ್ನೊಂದು ಗಾಡಿಗೆ ಜಾಗ ಸಾಲದಿದ್ದರೆ ನಾಲ್ಕು ಜನ ಸೇರಿ ಕೈಯಿಂದಲೇ ತಳ್ಳಿ ಹೊಂದಿಸುತ್ತಿದ್ದರು. ಆಮೇಲೆ ಹ್ಯಾಂಡ್ ಬ್ರೇಕ್ ಹಾಕುವುದು ಗಾಡಿಯವನ ಜವಾಬ್ದಾರಿ. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಹ್ಯಾಂಡ್ ಬ್ರೇಕ್ ಹಾಕುವವರು ಕಡಿಮೆ. ಒದ್ದೆಗೆ ಅದು ಕಚ್ಚಿಕೊಂಡು ಕೂತರೆ ಬಿಡಿಸಲು ಮೆಕ್ಯಾನಿಕ್ಕೇ ಬರಬೇಕು. ಅದಕ್ಕೆ ಡಿಕ್ಕಿಯಲ್ಲಿ ಒಂದು ಮರದ ತುಂಡು ಇಟ್ಟುಕೊಂಡಿರುತ್ತೇವೆ. ನಿಲ್ಲಿಸಿದಾಗ ಚಕ್ರಕ್ಕೆ ಅಡ್ಡ ಕೊಡುವುದು, ಹೊರಡುವಾಗ ಎತ್ತಿಕೊಳ್ಳುವುದು. ನನ್ನದು ಹಲಸಿನ ಮರದ್ದು.

ಕಾರು ಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ಆ ಗುರುವಾರ ನಾನು ಲಾಂಚಿನ ಮುಂಭಾಗದಲ್ಲಿ ಯಾರೊಂದಿಗೋ ಅಡಿಕೆ ಕೊಳೆರೋಗದ ವಿಷಯ ಮಾತನಾಡುತ್ತಾ ನಿಂತಿದ್ದೆ. ದಡಕ್ಕೆ ತಾಗುವಾಗ ಲಾಂಚು ಎಂದಿನಂತೆ ಒಮ್ಮೆ ಜಗ್ಗಿತು. ಹಿಂದಿನಿಂದ ಕಬ್ಬಿಣ ಉಜ್ಜಿದ ಸದ್ದು, ಅದರ ಹಿಂದೆಯೇ ಏನೋ ಬಿದ್ದ ಸದ್ದು. ಓಡಿಹೋಗಿ ನೋಡುತ್ತೇನೆ, ನನ್ನ ಕಾರಿನ ಪಕ್ಕದಲ್ಲಿ ಒಂದು ಸೈಕಲ್ಲು ಬಿದ್ದಿದೆ. ಹಿಂದಿನ ಬಾಗಿಲಿನ ಮೇಲೆ ಒಂದೂವರೆ ಮೊಳ ಉದ್ದದ ಗೀರು, ಬಣ್ಣ ಎದ್ದು ತಗಡು ಬಿಳಿಚಿಕೊಂಡಿದೆ. ನನ್ನ ಹೊಟ್ಟೆಗೇ ಗೀರಿದಂತಾಯಿತು.

ಸೈಕಲ್ಲು ಕೊಡೆ ರಿಪೇರಿಯವರದು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಮಳೆಗಾಲ ಹಿಡಿದರೆ ತುಮರಿ, ಬ್ಯಾಕೋಡಿನ ಕಡೆ ಮನೆಮನೆಗೆ ಹೋಗಿ ಮುರಿದ ಕೊಡೆಗಳಿಗೆ ಕಡ್ಡಿ ಹಾಕಿಕೊಡುತ್ತಿದ್ದರು. ಕ್ಯಾರಿಯರಿಗೆ ಕಬ್ಬಿಣದ ಕಡ್ಡಿಗಳ ಕಟ್ಟನ್ನು ಅಡ್ಡಲಾಗಿ ಬಿಗಿದಿದ್ದರು. ಗೀರಿದ್ದು ಅದೇ ಕಟ್ಟು ಎನ್ನಲು ಅನುಮಾನವೇ ಇರಲಿಲ್ಲ, ತುದಿಗೆ ನನ್ನ ಕಾರಿನ ಬಣ್ಣ ಮೆತ್ತಿತ್ತು.

ನನಗೆ ಸಿಟ್ಟು ಬಂದರೆ ಬಹುವಚನ ಮೊದಲು ಹೋಗುತ್ತದೆ. "ಸೈಕಲ್ ನಿಲ್ಸೋಕೂ ಬರಲ್ವೇನಯ್ಯಾ ನಿಂಗೆ?" ಎಂದೆ.

"ಸೈಕಲ್ ನೆಟ್ಟಗೆ ನಿಂತಿತ್ತು ಸ್ವಾಮಿ. ಕಂಬಿಗೆ ಒರಗ್ಸಿ ನಿಲ್ಸಿದ್ದೆ. ಗೀರಿದ್ಮೇಲೆ ಬಿತ್ತು" ಎಂದರು.

"ಹಂಗಾದ್ರೆ ನನ್ನ ಕಾರೇ ಬಂದು ನಿನ್ನ ಕೊಡೆ ಕಡ್ಡಿಗೆ ಮೈ ಉಜ್ಜಿಕೊಳ್ತಾ?"

ಸುತ್ತ ಸೇರಿದವರು ನಕ್ಕರು. ನಕ್ಕವರನ್ನು ಕಂಡರೆ ನನಗೆ ಇನ್ನಷ್ಟು ಹುರುಪು. "ಕಣ್ಣು ಕಾಣ್ದಿದ್ರೆ ನನ್ನ ಹತ್ರ ಬಾ, ಮೊದ್ಲು ಒಂದು ಕನ್ನಡಕ ಹಾಕ್ಕೋ" ಎಂದೆ. ಮತ್ತೂ ನಗು. ಗುಂಪಿನಲ್ಲಿದ್ದ ಹಾಲಿನ ಡೇರಿಯ ಕಾರ್ಯದರ್ಶಿ ಮಾತ್ರ ಕರುಣೆಯ ದನಿಯಲ್ಲಿ, "ವಯಸ್ಸಾಯ್ತಲ್ಲ ಮಾರಾಯ್ರೆ, ಕೈ ನಡುಗ್ತದೆ, ಪಾಪ" ಎಂದರು. ಅದುವರೆಗೆ ನನ್ನನ್ನೇ ನೋಡುತ್ತಿದ್ದ ಮುದುಕರು ಆ ಮಾತಿಗೆ ತಲೆ ತಗ್ಗಿಸಿದರು.

ಅಲ್ಲೇ ಫೋಟೋ ತೆಗೆದು ಸಾಗರದಲ್ಲಿ ಕಾರಿನ ತಗಡು, ಬಣ್ಣದ ಕೆಲಸ ಮಾಡುವ ಟಿಂಕರಿಗೆ ಮೊಬೈಲಿನಲ್ಲಿ ಕಳಿಸಿದೆ. ಅವನು ಖರ್ಚು ಹೇಳಿದ. ಇನ್ಶೂರೆನ್ಸ್ ಏಜೆಂಟನಿಗೂ ಫೋನ್ ಮಾಡಿದೆ. "ಸೈಕಲ್ಲಿಗೆ ನಂಬರೂ ಇಲ್ಲ, ಇನ್ಶೂರೆನ್ಸೂ ಇಲ್ಲ ಸರ್. ನಿಮ್ಮ ಪಾಲಿಸಿಯಲ್ಲೇ ಕ್ಲೇಮ್ ಮಾಡ್ಬೇಕು, ಮಾಡಿದ್ರೆ ಮುಂದಿನ ವರ್ಷ ಪ್ರೀಮಿಯಂನಲ್ಲಿ ಸಿಗೋ ಬೋನಸ್ ರಿಯಾಯ್ತಿ ಹೋಗ್ತದೆ. ಅವ್ರಿಂದ್ಲೇ ವಸೂಲಿ ಮಾಡ್ಕೊಳ್ಳಿ" ಎಂದ. ಯಾರೋ ಮಾಡಿದ ತಪ್ಪಿಗೆ ನನ್ನ ಬೋನಸ್ ಯಾಕೆ ಹೋಗಬೇಕು? ಪೂರ್ತಿ ಖರ್ಚು ಕೊಡಲೇಬೇಕು ಎಂದು ಪಟ್ಟು ಹಿಡಿದೆ.

ಮುದುಕರು ವಾದ ಮಾಡಲಿಲ್ಲ. "ಈಗ ಕೈಲಿಲ್ಲ. ಕೊಡೋವರ್ಗೂ ಸೈಕಲ್ ನಿಮ್ಮ ಹತ್ರನೇ ಇರ್ಲಿ" ಎಂದು ಕಡ್ಡಿಯ ಕಟ್ಟನ್ನು ಬಿಚ್ಚಿ ಹೆಗಲಿಗೇರಿಸಿಕೊಂಡರು. ನಾನು ಬೇಡ ಎನ್ನಲಿಲ್ಲ. ಸೈಕಲ್ಲನ್ನು ಬ್ಯಾಕೋಡಿಗೆ ಹೋಗುವ ಪಿಕಪ್ಪಿನಲ್ಲಿ ಹಾಕಿಸಿ, ನನ್ನ ಕೋಣೆಯೊಳಗೆ ಅಕ್ಷರಗಳ ಪಟ್ಟಿಯ ಕೆಳಗೆ ನಿಲ್ಲಿಸಿ ಬೀಗ ಹಾಕಿದೆ.

ಮುಂದಿನ ಗುರುವಾರ ತುಮರಿ ದಾಟಿದ ಮೇಲೆ ಅವರು ನಡೆದು ಹೋಗುತ್ತಿರುವುದು ಕಂಡಿತು. ಜಡಿಮಳೆ. ಒಂದು ಹೆಗಲಿನಲ್ಲಿ ಕಡ್ಡಿಯ ಕಟ್ಟು, ಇನ್ನೊಂದರಲ್ಲಿ ಸಾಮಾನಿನ ಚೀಲ. ಕಾರು ನಿಲ್ಲಿಸಿ ಹತ್ತಿಸಿಕೊಳ್ಳಬಹುದಿತ್ತು. ವೈಪರಿನ ವೇಗ ಹೆಚ್ಚಿಸಿ ಮುಂದೆ ಹೋದೆ. ಮಧ್ಯಾಹ್ನ ಅವರೇ ಕೋಣೆಗೆ ಬಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟುಗಳನ್ನು ಮೇಜಿನ ಮೇಲಿಟ್ಟು, "ಉಳಿದಿದ್ದು ಮುಂದಿನ ವಾರ" ಎಂದರು. ಸೈಕಲ್ಲಿನ ಕಡೆ ಒಮ್ಮೆ ನೋಡಿದರು, ಅಷ್ಟೆ. ನನಗೆ ಇರುಸುಮುರುಸಾಯಿತು, ಆದರೂ ನೋಟು ತೆಗೆದುಕೊಂಡೆ.

ಮಾರನೆಯ ದಿನ ಕಾರನ್ನು ಟಿಂಕರನ ಹತ್ತಿರ ಒಯ್ದೆ. ಅವನು ಗೀರಿನ ಮೇಲೆ ಬೆರಳಾಡಿಸಿ, "ಇದು ಯಾವ್ದಕ್ಕೆ ಉಜ್ಜಿದ್ರಿ ಸರ್?" ಎಂದ.

"ಉಜ್ಜಿದ್ದಲ್ಲ ಮಾರಾಯ, ಸೈಕಲ್ ಬಿದ್ದಿದ್ದು. ಹೇಳಿದ್ನಲ್ಲ."

"ಬಿದ್ರೆ ಗೀರು ಕೆಳಗೆ ಇಳೀಬೇಕು. ಇದು ನೋಡಿ, ಸ್ಕೇಲ್ ಇಟ್ಟು ಎಳೆದಂಗಿದೆ. ಇಲ್ಲಿಂದ ಅಲ್ಲೀವರ್ಗೂ ಒಂದೇ ಎತ್ತರ. ಸೈಕಲ್ ನಿಂತಿತ್ತು, ನಿಮ್ಮ ಕಾರು ಮುಂದೆ ಹೋಗಿದೆ. ಹ್ಯಾಂಡ್ ಬ್ರೇಕ್ ಹಾಕಿದ್ರಾ?"

"ಮಳೆಗಾಲದಲ್ಲಿ ಯಾರು ಹಾಕ್ತಾರೆ? ಚಕ್ರಕ್ಕೆ ಮರದ ತುಂಡು ಕೊಟ್ಟಿದ್ದೆ" ಎಂದು ತೋರಿಸಲು ಡಿಕ್ಕಿ ತೆರೆದೆ. ಕನ್ನಡಕದ ಪೆಟ್ಟಿಗೆಗಳ ಅಡಿಯಲ್ಲಿ, ಕಾರು ಕೊಂಡಾಗ ಹೆಂಡತಿ ಸುತ್ತಿಕೊಟ್ಟ ಹಳೆಯ ಟವೆಲ್ಲಿನಲ್ಲೇ ಹಲಸಿನ ತುಂಡು ಬೆಚ್ಚಗೆ ಮಲಗಿತ್ತು. ಅದಕ್ಕೆ ಮಣ್ಣು ತಾಗಿರಲಿಲ್ಲ. ತುಂಡು ಕೊಡುವುದು ಹಳೆಯ ಕಾರಿನ ಅಭ್ಯಾಸ, ಕೊಟ್ಟಿದ್ದೇನೆ ಎಂಬ ನಂಬಿಕೆಯಷ್ಟೇ ಹೊಸ ಕಾರಿಗೂ ಬಂದಿತ್ತು. ಅವತ್ತು ಮುಂದಿನ ಜೀಪಿನ ಹಿಂಭಾಗಕ್ಕೆ ನನ್ನ ಕಾರಿನ ಮೂತಿ ತಾಗುವಂತೆ ನಿಂತದ್ದನ್ನು ನಾನು ಕಂಡಿದ್ದೆ. ಲಾಂಚಿನವರು ತಳ್ಳಿರಬೇಕು ಎಂದುಕೊಂಡಿದ್ದೆ.

ಒಂದು ವಾರ ಈ ವಿಷಯ ಹೆಂಡತಿಗೂ ಹೇಳಲಿಲ್ಲ. ಟಿಂಕರನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಹಣ ವಾಪಸು ಕೊಟ್ಟು, ಹೋಗಲಿ ಬಿಡಿ ಎಂದು ದೊಡ್ಡ ಮನುಷ್ಯನಾಗಿಬಿಡೋಣ ಎಂಬ ಯೋಚನೆಯೂ ಬಂದದ್ದು ನಿಜ. ಆದರೆ ಗುರುವಾರ ಅವರು ಉಳಿದ ಹಣ ಹಿಡಿದು ಬಾಗಿಲಲ್ಲಿ ನಿಂತಾಗ, ಒದ್ದೆ ಚಪ್ಪಲಿಯನ್ನು ಹೊರಗೆ ಬಿಡುತ್ತಿದ್ದಾಗ, ಆ ನಾಟಕ ನನ್ನಿಂದ ಆಗಲಿಲ್ಲ. "ತಪ್ಪು ನಂದು. ಕಾರು ಉರುಳಿದೆ. ನಿಮ್ಮ ಸೈಕಲ್ ನಿಂತೇ ಇತ್ತು" ಎಂದೆ. ಅವರ ನೋಟುಗಳನ್ನು ಅದೇ ಪ್ಲಾಸ್ಟಿಕ್ಕಿನ ಸಮೇತ ಮುಂದಿಟ್ಟೆ. ಎರಡು ವಾರ ನಡೆದದ್ದಕ್ಕೆಂದು ಮೇಲೆ ಸ್ವಲ್ಪ ಸೇರಿಸಿದ್ದೆ.

ಅವರು ತಮ್ಮ ನೋಟುಗಳನ್ನು ಮಾತ್ರ ತೆಗೆದುಕೊಂಡು, ಸೇರಿಸಿದ್ದನ್ನು ನನ್ನ ಕಡೆ ಸರಿಸಿದರು. "ಇದು ಬ್ಯಾಡ. ಇಲ್ಲಿ ನಾವಿಬ್ರೇ ಇದೀವಿ. ಅವತ್ತು ಲಾಂಚಲ್ಲಿ ಎಲ್ರೂ ಇದ್ರು. ಈಗ ಯಾರ ಮನೆಗೆ ಹೋದ್ರೂ, ಅಜ್ಜ, ನಿಂಗೆ ಕೈ ನಡುಗ್ತದಂತೆ, ಕಣ್ಣು ಕಾಣ್ಸಲ್ವಂತೆ ಅಂತಾರೆ. ಕೊಡೆ ಒಳಗೇ ಇಟ್ಕೊಳ್ತಾರೆ. ಕೊಡೋದಾದ್ರೆ ಅದನ್ನ ವಾಪಸ್ ಕೊಡಿ."

ಆಗ ನನಗೆ ಆದ ನಾಚಿಕೆ ಇಷ್ಟಿಷ್ಟಲ್ಲ. ಗೀರಿಗೆ ಖರ್ಚು ಎಷ್ಟೆಂದು ಕೇಳಲು ನನಗೆ ಟಿಂಕರ್ ಇದ್ದ. ಹೋದ ಹೆಸರಿಗೆ ಎಷ್ಟೆಂದು ಅವರು ಯಾರನ್ನು ಕೇಳಬೇಕು?

ಸಂಜೆ ಸೈಕಲ್ಲಿನ ಚಕ್ರಕ್ಕೆ ನಾನೇ ಗಾಳಿ ಹಾಕಿಸಿದೆ. ಅವರು ಸೈಕಲ್ಲಿನಲ್ಲಿ, ನಾನು ಕಾರಿನಲ್ಲಿ, ಇಬ್ಬರೂ ಲಾಂಚಿಗೆ ಬಂದೆವು. ಹೆಚ್ಚುಕಡಿಮೆ ಅದೇ ಗುರುವಾರದ ಜನ. ಡೇರಿಯ ಕಾರ್ಯದರ್ಶಿಯೂ ಇದ್ದರು. ಬೈಯುವಾಗ ಎಲ್ಲಿಂದಲೋ ಬಂದಿದ್ದ ದನಿ ಈಗ ಬರಲೊಲ್ಲದು. ಎರಡು ಸಲ ಕೆಮ್ಮಿ, ಅವತ್ತು ಸೈಕಲ್ಲು ಬಿದ್ದು ಗೀರಿದ್ದಲ್ಲ, ಕಾರೇ ಉರುಳಿದ್ದು, ಚಕ್ರಕ್ಕೆ ಅಡ್ಡ ಕೊಡಲು ಮರೆತವನು ನಾನು, ಇವರ ಕೈಗಾಗಲಿ ಕಣ್ಣಿಗಾಗಲಿ ಏನೂ ಆಗಿಲ್ಲ ಎಂದು ಹೇಳಿದೆ. "ಹಂಗಾದ್ರೆ ಕನ್ನಡಕ ನಿಮ್ಗೇ ಬೇಕಾಗಿತ್ತು" ಎಂದು ಯಾರೋ ಅಂದರು. ಜನ ನಕ್ಕರು, ಹಿಂದಿನ ಸಲಕ್ಕಿಂತ ಜೋರಾಗಿಯೇ. ಕಾರ್ಯದರ್ಶಿ ತಮ್ಮ ಕೊಡೆಯನ್ನು ಬಿಚ್ಚಿ, "ಅಜ್ಜ, ಇದ್ರದ್ದೊಂದು ಕಡ್ಡಿ ಹೋಗಿದೆ ನೋಡಿ" ಎಂದು ಮುಂದೆ ಹಿಡಿದರು.

ಮುದುಕರು ನಗಲಿಲ್ಲ. ಕೊಡೆ ಹಿಡಿದ ಕೈಯನ್ನು ತಡೆದು, "ಒಂದ್ನಿಮಿಷ" ಎಂದರು. ನನ್ನ ಕಾರಿನ ಹತ್ತಿರ ಹೋಗಿ, ಮೊಣಕಾಲೂರಿ ಬಗ್ಗಿ, ಚಕ್ರದ ಕೆಳಗೆ ಕೈಹಾಕಿ ಹಲಸಿನ ತುಂಡನ್ನು ಮುಟ್ಟಿ ನೋಡಿದರು. ಅದು ಅಲ್ಲಿತ್ತು. ಆಮೇಲೆ ಎದ್ದು ಬಂದು ಕಾರ್ಯದರ್ಶಿಯ ಕೊಡೆ ತೆಗೆದುಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಲಾಂಚಿನ ಆಚೆ ತುದಿಯಲ್ಲಿ ನಿಲ್ಲಿಸಿಕೊಂಡರು.