ಇಪ್ಪತ್ತೊಂದು ಮಿಲಿಮೀಟರಿನ ಹಳಿ

ಲಾಕ್‌ಡೌನಿನಲ್ಲಿ ಕೆಲವರು ಬ್ರೆಡ್ ಬೇಕ್ ಮಾಡಿದರು, ಕೆಲವರು ಗಿಟಾರ್ ಕಲಿತರು. ನಾನು ಮಲೇಷ್ಯಾದ ಬಯಾನ್ ಲೆಪಾಸಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಐರ್ಲೆಂಡಿನ ರೈಲು ಹಳಿ ಹಾಕಿದೆ.

ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವವಳಿಗೆ ಇದೆಲ್ಲಿಯ ಹುಚ್ಚು ಅಂದರೆ, ಮದುವೆಗೆ ಮುಂಚೆ ಎರಡು ವರ್ಷ ಐರ್ಲೆಂಡಿನಲ್ಲಿ ತರಬೇತಿಯಲ್ಲಿದ್ದಾಗ ದಿನವೂ ಸಮುದ್ರದ ಅಂಚಿನಲ್ಲಿ ಓಡುವ ರೈಲಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆ. ಹೊರಡುವಾಗ ಅಲ್ಲಿಯ ಎಂಜಿನ್ನಿನದೊಂದು ಪುಟ್ಟ ಮಾದರಿ ಕೊಂಡಿದ್ದೆ. ತರಗತಿಗಳೆಲ್ಲ ಲ್ಯಾಪ್‌ಟಾಪಿಗೆ ಬಂದು ಸಂಜೆಗಳು ಖಾಲಿಯಾದಾಗ ಅದನ್ನು ಓಡಿಸುವ ಆಸೆಯಾಯಿತು.

ಇಂಥ ಮಾದರಿಗಳಿಗೆಂದು ಅಂಗಡಿಯಲ್ಲಿ ಸಿಗುವ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್. ಐರ್ಲೆಂಡಿನ ನಿಜವಾದ ಹಳಿ ಐದು ಅಡಿ ಮೂರು ಅಂಗುಲ. ಮಾದರಿಯ ಅಳತೆಯಲ್ಲಿ ಅಡಿಗೆ ನಾಲ್ಕು ಮಿಲಿಮೀಟರಿನಂತೆ ಅದು ಇಪ್ಪತ್ತೊಂದಾಗಬೇಕು. ಸಿದ್ಧ ಹಳಿಯ ಮೇಲೆ ಎಂಜಿನ್ ತಮ್ಮನ ಅಂಗಿ ತೊಟ್ಟ ಅಣ್ಣನಂತೆ ಕಂಡಿತು. ಹಾಗಾಗಿ ಚಕ್ರಗಳಿಗೆ ಉದ್ದದ ಅಚ್ಚು ಹಾಕಿದೆ. ನನ್ನ ಗಂಡ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಅವರ ಪೆಟ್ಟಿಗೆಯಲ್ಲಿದ್ದ ತಾಮ್ರದ ಹಾಳೆಯ ಬೋರ್ಡನ್ನು ಕಡ್ಡಿಕಡ್ಡಿಯಾಗಿ ಕತ್ತರಿಸಿ, ಸ್ಲೀಪರುಗಳಂತೆ ಅಡ್ಡ ಜೋಡಿಸಿ, ಅಂಚೆಯಲ್ಲಿ ತರಿಸಿದ ಕಂಬಿಗಳನ್ನು ಅವುಗಳಿಗೆ ಬೆಸುಗೆ ಹಾಕಿದೆ.

“ಇಷ್ಟು ಶ್ರದ್ಧೆ ಅಡುಗೆ ಮೇಲೆ ಇದ್ದಿದ್ರೆ!” ಅಂದರು ಗಂಡ.

“ಇವತ್ತು ಅಡುಗೆ ನಿಮ್ದು. ಇಲ್ಲಾಂದ್ರೆ ಮಾಮಕ್ ಹೋಟ್ಲಿಂದ ತಪಾವ್ ಮಾಡಿ, ಕಟ್ಟಿಸ್ಕೊಂಡು ಬನ್ನಿ,” ಅಂದೆ.

ನೇರ ಹಳಿಯ ಮೇಲೆ ಎಂಜಿನ್ ಚೆನ್ನಾಗಿಯೇ ಓಡಿತು. ತಿರುವು ಬಂದೊಡನೆ ಬಿತ್ತು. ಎತ್ತಿಟ್ಟೆ, ಮತ್ತೆ ಬಿತ್ತು. ಮೂರು ದಿನ ಅಳೆದೆ, ಎಲ್ಲೆಲ್ಲೂ ಇಪ್ಪತ್ತೊಂದೇ! ನಾಲ್ಕನೆಯ ದಿನ ಅಳು ಬರುವಂತಾಯಿತು.

“ಡಾಕ್ಟರ್, ಕರ್ವ್ ಟೂ ಟೈಟ್ ಲಾ.”

ಪಕ್ಕದ ಬಾಲ್ಕನಿಯಿಂದ ತಮಿಳು ಅಂಕಲ್. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರೆಂದು ಆವರೆಗೆ ನನಗೆ ಗೊತ್ತೇ ಇರಲಿಲ್ಲ. ಲಿಫ್ಟಿನಲ್ಲಿ ನಕ್ಕದ್ದಷ್ಟೇ ಪರಿಚಯ.

“ಸರಿಯಾಗೇ ಅಳೆದಿದ್ದೀನಿ ಅಂಕಲ್,” ಅಂದೆ, ಸ್ವಲ್ಪ ಬಿಗುವಾಗಿಯೇ.

“ದಟ್ಸ್ ದ ಪ್ರಾಬ್ಲಮ್! ಲಾಂಗ್ ಎಂಜಿನ್ ಕೆನಾಟ್ ಬೆಂಡ್. ಟ್ರ್ಯಾಕ್ ಮಸ್ಟ್ ಗಿವ್ ಲಿಟಲ್ ಬಿಟ್.”

ತಿರುವಿನಲ್ಲಿ ಹಳಿಯನ್ನು ಕೂದಲೆಳೆಯಷ್ಟು ಅಗಲಿಸಬೇಕಂತೆ. ಅವರು ಜೀವಮಾನವೆಲ್ಲ ಮಾಡಿದ್ದು ಅದನ್ನೇ. ನಾಚಿಕೆಯಾಯಿತು. ಒಳಗಿನ ಕಂಬಿಯ ಬೆಸುಗೆ ಬಿಚ್ಚಿ ಕಾಲು ಮಿಲಿಮೀಟರ್ ಸರಿಸಿದೆ. ಅಂಕಲ್ ಗ್ರಿಲ್ಲಿಗೆ ಮುಖವೊತ್ತಿ ಕಾದರು. ಎಂಜಿನ್ ತಿರುವಿಗೆ ಬಂತು, ತುಸು ವಾಲಿತು, ದಾಟಿತು. ಇಬ್ಬರೂ ಕೂಗಿದ ಕೂಗಿಗೆ ಕೆಳಗಿನ ಗಾರ್ಡ್ ತಲೆಯೆತ್ತಿ ನೋಡಿದ.

ನಿರ್ಬಂಧ ಸಡಿಲವಾದ ಮೊದಲ ಭಾನುವಾರ ಅಂಕಲ್ ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ವಡೆಯ ಪೊಟ್ಟಣ ಹಿಡಿದು ಬಂದರು. ವಡೆಯನ್ನು ಗಂಡನ ಕೈಗಿತ್ತು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಹಳಿಯುದ್ದಕ್ಕೂ ನೋಡಿದರು. ನಾನು ಹೊಗಳಿಕೆಗೆ ಕಾದು ನಿಂತೆ.

“ಹಿಯರ್ ಗಾಟ್ ಹಂಪ್,” ಅಂದರು.

ವಡೆ ತಿಂದು, ನಾನೂ ಅಂಕಲ್ಲೂ ಸೇರಿ ಹಳಿ ಉಬ್ಬಿದ್ದಷ್ಟು ಭಾಗವನ್ನು ಕಿತ್ತೆವು.