ಜಗಳಗಂಟಿ ರಾಣಿಯನ್ನು ಗುರುತಿಸಿದ ಭಾಗವ್ವ

ಮುಂಬೈಯ ಬೋರಿವಲಿಯಲ್ಲಿ ಬೆಳಗಿನ ಆರು ಗಂಟೆ. ಕಾಡಿನ ಅಂಚಿನ ನರ್ಸರಿಯಲ್ಲಿ ಸಸಿಗಳಿಗೆ ನೀರು ಬಿಡುವ ಮೊದಲು ಭಾಗವ್ವ ಕರವೀರದ ಪೊದೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಟೊಂಗೆಯ ಕೆಳಗೆ, ನೂಲಿನಂಥ ತೊಟ್ಟಿನಿಂದ ಅಂಗೈಯಗಲದ ಗೂಡು ನೇತಾಡುತ್ತಿದೆ. ನೋಡಲು ಥೇಟ್ ರದ್ದಿ ಕಾಗದ. ಮೇಲೆ ಕಂದು ಕಣಜಗಳು ಮುದುಡಿ ಕೂತಿವೆ. "ಹದಿನೇಳು ಅದಾವ್ರಿ. ನಿನ್ನೆ ಹದಿನೆಂಟಿದ್ವು," ಎನ್ನುತ್ತಾರೆ ಪಿಸುದನಿಯಲ್ಲಿ.

ಇಂಡಿ ತಾಲ್ಲೂಕಿನಿಂದ ಮುಂಬೈಗೆ ಬಂದು ಇಪ್ಪತ್ತೆರಡು ವರ್ಷ. ಮೊದಲು ಇಟ್ಟಿಗೆ ಹೊತ್ತರು, ಸೊಂಟ ಕೈಕೊಟ್ಟ ಮೇಲೆ ಈ ನರ್ಸರಿ ಸೇರಿದರು. ಆಗ ಅವರಿಗೂ ಕಣಜವೆಂದರೆ ಸಿಟ್ಟೇ. ಒಮ್ಮೆ ಕುಂಡ ಎತ್ತುವಾಗ ಹುಬ್ಬಿಗೆ ಕುಟುಕಿ ಕಣ್ಣೇ ಮುಚ್ಚಿಹೋಯಿತು. ಜೊತೆಗೆಲಸದ ಹಣಮಂತನಿಗೆ ಹೇಳಿ ಗೂಡು ಸುಡಿಸಿದರು. ಮರುದಿನ ನೋಡಿದರೆ, ಬದುಕುಳಿದ ನಾಲ್ಕು ಕಣಜಗಳು ಕರಕಾದ ಟೊಂಗೆಯನ್ನೇ ಹಿಡಿದು ಕೂತಿದ್ದವು.

"ಮೂರ ದಿನ ಹಂಗ ಕುಂತಿದ್ವು. ನಾಕನೇ ದಿನ ಬಾಜೂಕ ಹೊಸಾ ಮನಿ ಸುರು ಮಾಡಿದ್ವು. ನನಗ ಊಟ ಸೇರಲಿಲ್ರಿ."

ಅಂದಿನಿಂದ ಎಂಟು ವರ್ಷ, ನೋಡುವುದನ್ನು ಅವರು ಬಿಟ್ಟಿಲ್ಲ. ಓದು ಬಾರದು, ಹನ್ನೊಂದು ಗೂಡುಗಳ ಲೆಕ್ಕ ಶೆಡ್ಡಿನ ಗೋಡೆಯ ಮೇಲೆ ಸುಣ್ಣದ ಗೆರೆಗಳಾಗಿ ನಿಂತಿದೆ.

ಎರಡು ವರ್ಷದ ಹಿಂದೆ ಕಣಜಗಳ ಅಧ್ಯಯನಕ್ಕೆ ಸಂಶೋಧಕಿ ಪ್ರಣೀತಾ ಬಂದರು. ಉಡುಪಿ ಮೂಲದವರು, ಬೆಳೆದಿದ್ದು ಮುಂಬೈಯಲ್ಲೇ. ಕಣಜಗಳ ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು, ಎಲ್ಲವೂ ಒಂದೇ ಜಾತಿಯೆಂದು ಬರೆದುಕೊಂಡರು. ಭಾಗವ್ವ ಒಪ್ಪಲಿಲ್ಲ.

"ಆಂಟಿ, ಎಲ್ಲಾ ಸೇಮ್ ಅಲ್ವಾ? ಕಲರ್ ನೋಡಿ."

"ಬಣ್ಣ ಬಿಡವ್ವ, ನಡತಿ ನೋಡು. ಪೇರಲ ಗಿಡದ ಗೂಡಿನ್ಯಾಗ ತತ್ತಿ ಇಡೂ ರಾಣಿ ಜಗಳಗಂಟಿ, ಎಲ್ಲಾರ ಮ್ಯಾಲೂ ಏರಿ ಹೋಗ್ತಾಳ. ಕರವೀರದಾಗಿನಾಕಿ ತಣ್ಣಗ ಇರ್ತಾಳ. ತತ್ತಿ ಇಡೂತನಕ ಯಜಮಾನಿ ಯಾರಂತನ ತಿಳಿಯೂದಿಲ್ಲ."

ಪ್ರಣೀತಾ ವಾರವಿಡೀ ಪೇರಲ ಗಿಡದ ಕೆಳಗೆ ಕೂತರು. ಸಂಶಯ ಬಂತು. ಎರಡೂ ಗೂಡಿನ ಸತ್ತ ಕಣಜಗಳನ್ನು ತಜ್ಞರಿಗೆ ಕಳಿಸಿದರು. ಉತ್ತರ ಬಂತು: ಜಾತಿ ಒಂದಲ್ಲ, ಎರಡು. "ಆರು ತಿಂಗಳ ನೋಟ್ಸ್ ತಿದ್ದಿದೆ. ಆಂಟಿ ಹೇಳದಿದ್ರೆ ಪೂರಾ ರಾಂಗ್ ಆಗ್ತಿತ್ತು," ಎಂದು ಪ್ರಣೀತಾ ಸಂಕೋಚವಿಲ್ಲದೆ ಹೇಳುತ್ತಾರೆ.

ಈಗ ಸುತ್ತಲಿನ ಬಿಲ್ಡಿಂಗುಗಳಿಂದಲೂ ಕರೆ ಬರುತ್ತದೆ. ಭಾಗವ್ವ ಎಲ್ಲ ಗೂಡನ್ನೂ ಉಳಿಸಿ ಎನ್ನುವವರಲ್ಲ. ಕಳೆದ ತಿಂಗಳು ಬಾಲವಾಡಿಯೊಂದರ ಜಗುಲಿಯಲ್ಲಿದ್ದದ್ದು ಕುಟುಕಿದರೆ ಜೀವಕ್ಕೇ ಅಪಾಯವಾಗಬಲ್ಲ ದೊಡ್ಡ ಪಟ್ಟೆ ಕಣಜ. ಕಂಡೊಡನೆ ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಕಳಿಸಿ, ತಿಳಿದವರನ್ನು ಕರೆಸಿ ತೆಗೆಸಿದರು. "ಸುಳ್ಳ ಧೈರ್ಯ ಹೇಳಬಾರದ್ರಿ. ಯಾವುದು ಯಾವುದಂತ ಗೊತ್ತಿದ್ರ ಹುಳಾನೂ ಉಳೀತಾವು, ಮಂದಿನೂ ಉಳೀತಾರ."

ಬಿಸಿಲೇರುತ್ತಿದೆ. ಪೈಪು ಎಳೆದುಕೊಳ್ಳುತ್ತಾ ಅವರು ನಗುತ್ತಾರೆ. "ಈ ಊರಿಗೆ ಬಂದಾಗಿಂದ ಎಲ್ಲಾರೂ ಹೆಸರ ಸೈತ ಕೇಳ್ದ ಮರಾಠಿ ಒಳಗ ನನಗ 'ಏ ಬಾಯಿ' ಅಂತನ ಕರೀತಿದ್ರು. ಈಗ ಹುಳಾ ಕಂಡಕೂಡ್ಲೆ 'ಭಾಗವ್ವನ್ನ ಕರೀರಿ' ಅಂತಾರ ನೋಡ್ರಿ."