ಲಗ್ನಪತ್ರಿಕೆಯ ತುದಿ, ಆರ್‌ಎನ್‌ಎಯ ಬಾಲ

ನನ್ನ ತಂಗಿಯ ಮದುವೆಯಲ್ಲಿ ಆದ ಅನಾಹುತಕ್ಕೆ ನಾನೇ ಕಾರಣ. ಈಗ ನಗುನಗುತ್ತಾ ಒಪ್ಪಿಕೊಳ್ಳುತ್ತೇನೆ. ಆ ಸಂಜೆ ಹಿರಿಯೂರಿನ ಛತ್ರದಲ್ಲಿ ಯಾರಾದರೂ ಕೇಳಿದ್ದರೆ ಕಚ್ಚಿಬಿಡುತ್ತಿದ್ದೆ.

ಆಗ ನನ್ನ ಪಿಎಚ್‌ಡಿಯ ಮೂರನೇ ವರ್ಷ. ಸ್ತನ ಕ್ಯಾನ್ಸರಿನ ಜೀವಕೋಶಗಳಲ್ಲಿ ಒಂದು ಪ್ರೋಟೀನು ಮಿತಿಮೀರಿ ತಯಾರಾಗುತ್ತಿತ್ತು. ಯಾಕೆ ಅಂತ ಕಂಡುಹಿಡಿಯುವುದು ನನ್ನ ಕೆಲಸ. ಪ್ರೋಟೀನು ಹೇಗಿರಬೇಕೆಂಬ ಸಂದೇಶವನ್ನು ಜೀನಿನಿಂದ ಒಯ್ಯುವುದು ಮೆಸೆಂಜರ್ ಆರ್‌ಎನ್‌ಎ. ಆ ಸಂದೇಶದ ನಡುಭಾಗ ಮಾತ್ರ ಪ್ರೋಟೀನಾಗುತ್ತದೆ, ಎರಡು ತುದಿಗಳು ಆಗುವುದಿಲ್ಲ. ಎರಡು ವರ್ಷ ನಾನು ಆ ನಡುಭಾಗವನ್ನು ಅಕ್ಷರ ಅಕ್ಷರ ಓದಿದೆ. ಒಳ್ಳೆಯ ಕೋಶದಲ್ಲೂ ಅದೇ, ಕ್ಯಾನ್ಸರ್ ಕೋಶದಲ್ಲೂ ಅದೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕೊನೆಗೆ ನನ್ನ ಗೈಡ್ ಮೇಡಂ, ನಗುವುದಕ್ಕೂ ಅನುಮತಿ ಬೇಕು ಅನ್ನುವ ಮುಖದವರು, ಹೇಳಿಬಿಟ್ಟರು: "ಮುಂದಿನ ಕಮಿಟಿ ಪರಿಶೀಲನೆಯೊಳಗೆ ಏನೂ ಸಿಗದಿದ್ದರೆ ವಿಷಯ ಬದಲಾಯಿಸೋಣ. ಅರ್ಜಿ ಬರೆದಿಡು." ಎರಡು ವರ್ಷದ ದುಡಿಮೆ ಕಸದ ಬುಟ್ಟಿಗೆ! ಅರ್ಜಿ ಬರೆದು ಅವರ ಮೇಜಿನ ಮೇಲಿಟ್ಟೇ ಮದುವೆಗೆ ಊರಿನ ಬಸ್ಸು ಹತ್ತಿದೆ.

ಅದಕ್ಕೂ ತಿಂಗಳ ಮೊದಲೇ, ಮನೆಯಲ್ಲಿ ಹೆಚ್ಚು ಓದಿದವಳು ನಾನೇ ಅಂತ ಅವ್ವ ಲಗ್ನಪತ್ರಿಕೆಯ ಕೆಲಸ ನನಗೆ ವಹಿಸಿದ್ದಳು. ನಮ್ಮ ಪತ್ರಿಕೆಗೆ ತಾತನ ಕಾಲದಿಂದ ಒಂದು ಪದ್ಧತಿ ಇದೆ. ಛತ್ರ ಚಿಕ್ಕದು, ಬಳಗ ದೊಡ್ಡದು. ಅದಕ್ಕೇ ಪತ್ರಿಕೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ವಿಶೇಷ ಸೂಚನೆ ಇರುತ್ತದೆ. ಭರಮಸಾಗರ, ಹೊಳಲ್ಕೆರೆ ಕಡೆಯವರಿಗೆ ಚಪ್ಪರದ ದಿನ ಸಂಜೆ ಊಟ. ಹೊಸದುರ್ಗ, ಹರಿಯಬ್ಬೆ ಕಡೆಯವರಿಗೆ ಮಾರನೆಯ ದಿನ ಮುಹೂರ್ತದ ಊಟ. ಯಾರಿಗೂ ಬೇಜಾರಿಲ್ಲ, ಎಲ್ಲರಿಗೂ ಎಲೆ ಸಿಗುತ್ತಿತ್ತು.

ನನಗೆ ಅದು ಹಳ್ಳಿಗಮಾರತನ ಅನ್ನಿಸಿತು. ಚಿತ್ರದುರ್ಗದ ಪ್ರೆಸ್ಸಿನಲ್ಲಿ ಕೂತು ಆ ಸಾಲುಗಳನ್ನು ಪೂರ್ತಿ ಹೊಡೆದುಹಾಕಿದ್ದೆ. ಪ್ರೆಸ್ಸಿನವರು, "ಕೆಳಗಿನ ಸಾಲು ಬ್ಯಾಡ್ವೇನಮ್ಮ? ನಿಮ್ಮ ಮನೆ ಪತ್ರಿಕೇಲಿ ಯಾವಾಗ್ಲೂ ಇರ್ತೈತಲ್ಲ," ಅಂದರು. "ವಿಷಯ ಇದ್ದರೆ ಸಾಕು, ಅದೆಲ್ಲ ಜಾಗ ದಂಡ," ಅಂದೆ. ಎಂಥಾ ಬುದ್ಧಿವಂತಿಕೆ!

ಚಪ್ಪರದ ಸಂಜೆ ಭರಮಸಾಗರದ ಬಸ್ಸು ಬಂತು. ಹೊಳಲ್ಕೆರೆಯವರು ಬಂದರು. ಇನ್ನೇನು ಎಲೆ ಹಾಕಬೇಕು, ಹೊಸದುರ್ಗದಿಂದ ಎರಡು ಟೆಂಪೋ, ಅದರ ಹಿಂದೆಯೇ ಹರಿಯಬ್ಬೆಯ ಟ್ರ್ಯಾಕ್ಟರು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಅಯ್ಯೋ ಶಿವನೇ, ಇದೇನು ಇಡೀ ಜಿಲ್ಲೇನೇ ಬರ್ತಾ ಐತಾ?" ಅಂದರು. ಟೆಂಪೋ ಇಳಿದ ಅಜ್ಜಿಯೊಬ್ಬರನ್ನು ನಾನು ಮೆಲ್ಲಗೆ ಕೇಳಿದೆ, ನಾಳೆ ಬರುವವರು ಇವತ್ತೇ ಬಂದಿರಲ್ಲ ಅಂತ. ಅಜ್ಜಿ ಬಾಯಿಯ ಎಲೆಯಡಿಕೆಯನ್ನು ಪಕ್ಕಕ್ಕೆ ಸರಿಸಿದರು. "ಯಾವ ದಿನ ಅಂತ ಬರ್ದಿಲ್ಲ ಅಂದ್ರೆ ಎಲ್ಡೂ ದಿನ ಊಟ ಐತೆ ಅಂತ ಅಲ್ವೇನವ್ವ? ನಾವು ನಾಳೆನೂ ಇರ್ತೀವಿ ಬಿಡು."

ಹೋಳಿಗೆ ಮುಗಿಯಿತು, ಅನ್ನ ಮುಗಿಯಿತು. ಅಡುಗೆಯವರು ಮೂಟೆಗಟ್ಟಲೆ ಮಂಡಕ್ಕಿ ತರಿಸಿ ಒಗ್ಗರಣೆ ಹಾಕಿದರು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಹೋಳಿಗೆಗಿಂತ ಇದೇ ಚೆನ್ನಾಗಿದೆ ಅಂತ ಜನ ಕೂಗಿ ಕೂಗಿ ಹಾಕಿಸಿಕೊಂಡರು. ಮದುಮಗಳು ಅರಿಶಿನದ ಕೈಯಲ್ಲೇ ಬಜ್ಜಿ ತಿನ್ನುತ್ತಾ ನನ್ನನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು.

ದೊಡ್ಡಪ್ಪ ಮಾತ್ರ ಕನ್ನಡಕ ಏರಿಸಿ ಪತ್ರಿಕೆಯನ್ನು ಮೂರು ಸಲ ಓದಿದರು. "ಹೆಸ್ರು ಸರಿ ಐತೆ, ಮುಹೂರ್ತ ಸರಿ ಐತೆ, ಒಂದಕ್ಷರ ತಪ್ಪಿಲ್ಲ. ಮತ್ಯಾಕೆ ಇಷ್ಟು ಜನ ಬಂದ್ರು?"

"ನಡು ಏನು ಓದ್ತೀರಾ ಭಾವ, ತುದಿ ನೋಡ್ರಿ," ಅಂದಳು ಅವ್ವ. "ನಿಮ್ಮ ಮಗಳು ತುದೀನೇ ಕತ್ತರಿಸಿ ಇಟ್ಟವ್ಳೆ."

ಬಜ್ಜಿ ಬಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ಒಂದಕ್ಷರ ತಪ್ಪಿಲ್ಲ, ಆದರೂ ಮಿತಿಮೀರಿದೆ! ಎರಡು ವರ್ಷದಿಂದ ನಾನೂ ಇದನ್ನೇ ಹೇಳುತ್ತಿದ್ದೆನಲ್ಲ? ಆರ್‌ಎನ್‌ಎಯ ಕೊನೆಯ ಬಾಲದ ಮೇಲೆ ಪುಟ್ಟ ಆರ್‌ಎನ್‌ಎ ತುಣುಕುಗಳು ಬಂದು ಕೂತು "ಇಷ್ಟು ಸಾಕು" ಅಂತ ಪ್ರೋಟೀನಿಗೆ ಕಡಿವಾಣ ಹಾಕುತ್ತವೆ ಎನ್ನುವುದು ಪುಸ್ತಕದಲ್ಲಿ ಓದಿದ್ದೇ. ಗೊತ್ತಿರಲಿಲ್ಲ ಅಂತಲ್ಲ, ನೋಡಿರಲಿಲ್ಲ. ಆರ್‌ಎನ್‌ಎಯ ಯಾವ ಭಾಗ ಓದಬೇಕೆಂದು ಗುರುತಿಸಿಕೊಡುವ ಪ್ರೈಮರ್ ಅಂತ ಒಂದು ವಸ್ತು ಇರುತ್ತದೆ. ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿದ್ದವೆಲ್ಲ ನಡುಭಾಗದವೇ. ಅವನ್ನೇ ತೆಗೆದು ಅವನ್ನೇ ಬಳಸಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಅಲ್ಲೇ ಹಂಡೆಯ ಪಕ್ಕ ನಿಂತು ಲ್ಯಾಬಿನ ಗೆಳತಿಗೆ ಫೋನ್ ಮಾಡಿ ತುದಿಯ ಪ್ರೈಮರ್‌ಗಳಿಗೆ ಆರ್ಡರ್ ಕೊಡಿಸಿದೆ.

ಮದುವೆ ಮುಗಿಸಿ ಹೋದವಳು ಮಾಡಿದ ಮೊದಲ ಪ್ರಯೋಗ, ಎರಡೂ ಕೋಶಗಳ ಸಂದೇಶದ ಬಾಲ ಅಳೆಯುವುದು. ಉದ್ದ ಅಳೆಯಲು ಜೆಲ್ ಎಂಬ ಲೋಳೆಹಾಳೆಯಲ್ಲಿ ಹರಿಯಬಿಟ್ಟರೆ ಉದ್ದನೆಯದು ಮೇಲೆ ನಿಲ್ಲುತ್ತದೆ, ಗಿಡ್ಡದ್ದು ಕೆಳಗೆ ಓಡುತ್ತದೆ. ಒಳ್ಳೆಯ ಕೋಶದ ಗೆರೆ ಮೇಲಿತ್ತು. ಕ್ಯಾನ್ಸರ್ ಕೋಶದ್ದು ಎಷ್ಟೋ ಕೆಳಗೆ. ಬಾಲ ಮೋಟು! ಸಾಕು ಅನ್ನುವವರಿಗೆ ಕೂರಲು ಜಾಗವೇ ಇರಲಿಲ್ಲ. ಜೆಲ್ ನೋಡುವ ಕತ್ತಲೆಕೋಣೆಯಲ್ಲಿ ನಾನು ಒಬ್ಬಳೇ ಕುಣಿದೆ. ಆಮೇಲೆ ಎರಡು ಬಗೆಯ ಬಾಲವನ್ನೂ ಬೆಳಕು ಸೂಸುವ ಪ್ರೋಟೀನೊಂದರ ಸಂದೇಶಕ್ಕೆ ಜೋಡಿಸಿ ನೋಡಿದೆ. ಮೋಟು ಬಾಲದ್ದೇ ಜೋರಾಗಿ ಬೆಳಗಿತು. ಮೂರು ಸಲ ಮಾಡಿದರೂ ಅದೇ.

ಕಮಿಟಿಯ ಹಿಂದಿನ ದಿನ ಚಿತ್ರಗಳನ್ನೆಲ್ಲ ಮೇಡಂ ಮುಂದಿಟ್ಟೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಎರಡು ವರ್ಷ ನಿನ್ನ ಬೈದೆ. ಫ್ರಿಜ್ಜಿನಲ್ಲಿರೋ ಪ್ರೈಮರ್‌ಗಳನ್ನ ಮಾಡಿಟ್ಟಿದ್ದು ನಾನು. ನನ್ನ ಪಿಎಚ್‌ಡಿ ಕಾಲದಲ್ಲಿ."

ನನ್ನ ಅರ್ಜಿಯನ್ನು ಕೈಗೆತ್ತಿಕೊಂಡು ನೀಟಾಗಿ ನಾಲ್ಕು ಚೂರು ಮಾಡಿದರು. "ನಾಳೆ ಕಮಿಟಿ ಮುಂದೆ ಇದನ್ನ ನೀನೇ ಹೇಳು. ತಪ್ಪು ಯಾರದು ಅಂತ ಕೇಳಿದರೆ ನನ್ನ ಕಡೆ ಕೈ ತೋರಿಸು."

ಆಮೇಲೆ ನಕ್ಕರು. ಯಾರ ಅನುಮತಿಯನ್ನೂ ಕೇಳದೆ, ಗಟ್ಟಿಯಾಗಿ. ನನಗೆ ಅಳುವೇ ಬಂದುಬಿಟ್ಟಿತು.